ನಾಯಿ ಮಲಗಿದ್ದ ಜಾಗ

ನಾಯಿ ಎದ್ದು ಹೋಗಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಆಶಾರಾಣಿ ಅದನ್ನು ಕಂಡು ಸೌಟು ಹಿಡಿದುಕೊಂಡೇ ನಿಂತಳು. ಬೆಳಗಿನಿಂದ ಆ ಕೆಂದನಾಯಿ ಗಾಡಿಯ ಅಡಿಯಲ್ಲಿ, ಏಸಿಯ ಪೈಪಿನಿಂದ ನೀರು ತೊಟ್ಟಿಕ್ಕಿ ನೆಲ ನೆನೆದಿದ್ದ ಜಾಗದಲ್ಲಿ, ಹೊಟ್ಟೆ ಚಾಚಿ ಬಿದ್ದುಕೊಂಡಿತ್ತು. ಕಲ್ಲು ತೋರಿಸಿದರೂ ಏಳದ ನಾಯಿ ಈಗ ನಾಲಿಗೆ ಇಳಿಬಿಟ್ಟುಕೊಂಡು ಹೊಳೆಯ ಕಡೆ ನಡೆದಿತ್ತು. ಅವಳು ಬಗ್ಗಿ ನೋಡಿದಳು. ಪೈಪಿನ ಬಾಯಿ ಒಣಗಿತ್ತು. ಒದ್ದೆ ಮಣ್ಣು ಅಂಚಿನಿಂದ ಬೆಳ್ಳಗಾಗುತ್ತಾ ಬಂದಿತ್ತು.

ಗಾಡಿಯ ಹಿಂದೆ ಕಟ್ಟಿದ್ದ ಜನರೇಟರ್ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಗುರುಗುಟ್ಟುತ್ತಲೇ ಇತ್ತು. ಅದು ಓಡುತ್ತಿದೆ ಎಂದರೆ ಏಸಿಯೂ ಓಡುತ್ತಿದೆ ಎಂದು ಇಷ್ಟು ಹೊತ್ತೂ ನಂಬಿ ಕೂತಿದ್ದಳು. ಒಳಗೆ ಅತ್ತೆ ಸರ್ವಮಂಗಳಮ್ಮ ಬಾಗಿಲ ಚಿಲಕ ಹಾಕಿಕೊಂಡು ಪೂಜೆಗೆ ಕೂತಿದ್ದರು.

ಗಾಡಿ ಎಂದರೆ ಬರೀ ಗಾಡಿಯಲ್ಲ. ಶಾಮನೂರಿನವರ ಬಾಯಲ್ಲಿ ಅದು 'ಮಾಂತೇಶನ ಮನೆಬಸ್ಸು'. ಆಶಾರಾಣಿಯ ಗಂಡ ಮಹಾಂತೇಶ ಶಾಲೆಯೊಂದರ ಹಳೆಯ ಮಿನಿಬಸ್ಸು ಕೊಂಡು, ಸೀಟು ಕಿತ್ತು, ಮಂಚ, ನೀರಿನ ಟ್ಯಾಂಕು, ಏಸಿ ಎಲ್ಲವನ್ನೂ ಕೂರಿಸಿದ್ದ. ಅವ್ವನನ್ನು ಶ್ರೀಶೈಲಕ್ಕೆ, ಉಳವಿಗೆ ಕರೆದೊಯ್ಯಬೇಕು. ಅವ್ವನೋ ಯಾರು ಯಾರೋ ಮಲಗೆದ್ದ ಲಾಡ್ಜಿನಲ್ಲಿ ಪೂಜೆ ಮಾಡುವವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನದವನು ಕಂಡುಕೊಂಡ ಉಪಾಯ ಇದು. ದಾವಣಗೆರೆಯ ಬೇಸಿಗೆಯಲ್ಲಿ ತಗಡಿನ ಡಬ್ಬಿಯೊಳಗೆ ಮನುಷ್ಯರು ಬೇಯಬಾರದಲ್ಲ? ಅದಕ್ಕೆ ಮೇಲ್ಛಾವಣಿಗೆ ಬಿಳಿ ಬಣ್ಣ ಬಳಿಸಿದ, ಒಳಗೆ ಥರ್ಮಾಕೋಲ್ ಹೊದಿಸಿದ, ಕಿಟಕಿಗಳಿಗೆಲ್ಲ ಹೊಳೆಯುವ ಬೆಳ್ಳಿ ಹಾಳೆ ಅಂಟಿಸಿದ, ಸಂದುಗೊಂದಿಗೆ ರಬ್ಬರ್ ತುರುಕಿದ. "ಹೊರಗಿನ ಬಿಸಿ ಒಳಗ ಬರಬಾರ್ದು, ಒಳಗಿನ ತಂಪು ಹೊರಗ ಹೋಗಬಾರ್ದು" ಎಂದು ನೋಡಲು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಒಳಗೆ ಒಲೆ ಹಚ್ಚಿದರೆ ಏಸಿಗೆ ಭಾರವೆಂದು ಅಡುಗೆಯನ್ನೂ ಹೊರಗೆ ಹಾಕಿದ. ಏಸಿ ನಿಂತರೆ ಏನು ಗತಿ ಎನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಯೋಚಿಸಿದ್ದ.

ಇವತ್ತು ಪರೀಕ್ಷೆಗೆಂದು ಹರಿಹರದವರೆಗೆ ಬಂದಿದ್ದರು. ಹೊಳೆದಂಡೆಯ ಬೇವಿನ ಮರದಡಿ ಗಾಡಿ ನಿಲ್ಲಿಸಿ, ನೀರಿನ ಪಂಪು ಸೋರುತ್ತಿದೆ ಎಂದು ವಾಷರ್ ತರಲು ಮಹಾಂತೇಶ ಆಟೊ ಹತ್ತಿ ಪೇಟೆಗೆ ಹೋಗಿದ್ದ. ಗಾಡಿಯ ಕೀ ಅವನ ಜೇಬಿನಲ್ಲಿತ್ತು. ಆಗ ಗಾಡಿಯ ಮೇಲಿದ್ದ ನೆರಳು ಈಗ ಸರಿದು ಇವಳ ಒಲೆಯ ಹತ್ತಿರ ಬಂದು ಕೂತಿತ್ತು. ಗಾಡಿ ಪೂರ್ತಿ ಬಿಸಿಲಲ್ಲಿತ್ತು.

ಆಶಾರಾಣಿ ಬಾಗಿಲವರೆಗೆ ಹೋದಳು. ಕೈ ಎತ್ತಿದಳು, ಬಡಿಯಲಿಲ್ಲ.

ಅವಳು ಲಿಂಗ ಕಟ್ಟುವ ಮನೆಯ ಮಗಳಲ್ಲ. ಮಾಯಕೊಂಡದ ಕರಿಯಣ್ಣನ ಮಗಳು, ಮಹಾಂತೇಶ ಮೆಚ್ಚಿ ತಂದವಳು. ಮದುವೆಯಾದ ಹೊಸತರಲ್ಲಿ ಯಾರದೋ ಫೋನು ಬಂತೆಂದು ಪೂಜೆಯ ಕೋಣೆಯ ಬಾಗಿಲು ತಳ್ಳಿಬಿಟ್ಟಿದ್ದಳು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದ ಅತ್ತೆ ಬೈಯಲಿಲ್ಲ. ಎದ್ದು ಮತ್ತೆ ತಲೆಮೇಲೆ ನೀರು ಹಾಕಿಕೊಂಡು, ಮೊದಲಿನಿಂದ ಪೂಜೆ ಮಾಡಿ, ಅವತ್ತಿಡೀ ಉಪವಾಸ ಇದ್ದರು. ಬೈದಿದ್ದರೆ ಅತ್ತು ಮರೆಯುತ್ತಿದ್ದಳು. ಆ ಉಪವಾಸವನ್ನು ಮರೆಯಲಾಗಿರಲಿಲ್ಲ. ಅಂದಿನಿಂದ ಅತ್ತೆ ಪೂಜೆಗೆ ಕೂತರೆ ಇವಳು ಆ ದಿಕ್ಕಿಗೇ ಹೋಗುತ್ತಿರಲಿಲ್ಲ.

ಗಂಡನಿಗೆ ಫೋನು ಮಾಡಿದಳು.

"ರೀ, ಏಸಿ ನಿಂತೈತೆ ಅನ್ಸುತ್ತೆ. ನೀರು ಬೀಳ್ತಿಲ್ಲ."

"ಜನರೇಟರ್ ಸದ್ದು ಇಲ್ಲಿಗೇ ಕೇಳ್ತೈತಲ್ಲೇ."

"ಅದು ಓಡ್ತೈತೆ. ಅತ್ತೆ ಚಿಲಕ ಹಾಕ್ಯಾರೆ. ಬಾಗ್ಲು ಬಡೀಲಾ?"

"ಬ್ಯಾಡ. ಲಿಂಗ ಕೈಯಾಗಿದ್ರೆ ಅವ್ವ ಮಾತಾಡಲ್ಲ, ನಿಂಗೆ ಗೊತ್ತಲ್ಲ. ಸೆಕೆ ಆದ್ರೆ ತಾನೇ ತೆಗೀತಾಳೆ. ನಾ ಇಲ್ಲೇ ಅಂಗಡಿಯಾಗೆ ಅದೀನಿ, ಬಂದೆ."

ಬಂದೆ ಎಂದವನು ಯಾವಾಗ ಬಂದಾನೋ. ಅವಳು ಗಾಡಿಯ ಮೈ ಮುಟ್ಟಿದಳು. ಕಾದ ಹೆಂಚು ಮುಟ್ಟಿದಂತಾಗಿ ಕೈ ಹಿಂದಕ್ಕೆಳೆದುಕೊಂಡಳು. ಸೆರಗು ಮಡಚಿ ಕಿವಿಗೆ ಅಡ್ಡ ಇಟ್ಟು ಬಾಗಿಲಿಗೆ ಆನಿಸಿದಳು. ಜನರೇಟರಿನ ಗುರುಗುಟ್ಟುವಿಕೆಯ ಹೊರತು ಏನೂ ಕೇಳಲಿಲ್ಲ. ಕಿಟಕಿಯಲ್ಲಿ ನೋಡಿದರೆ ಬೆಳ್ಳಿ ಹಾಳೆಯಲ್ಲಿ ಅವಳದೇ ಹೆದರಿದ ಮುಖ ಕಂಡಿತು.

"ಅತ್ತೆ," ಎಂದಳು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಅತ್ತೇ!"

ಉತ್ತರವಿಲ್ಲ. ಇದು ಪೂಜೆಯ ಮೌನವೋ, ಬೇರೆಯದೋ? ಎರಡಕ್ಕೂ ಹೊರಗಿನಿಂದ ಒಂದೇ ಸದ್ದು. ಬಡಿದು, ಅತ್ತೆ ಸುಖವಾಗಿದ್ದರೆ ಮತ್ತೊಂದು ಉಪವಾಸ, ಈ ಸಲ ಬಹುಶಃ ಜೀವಮಾನದ್ದು. ಬಡಿಯದೆ ನಿಂತು, ಅತ್ತೆ ಇಲ್ಲವಾದರೆ?

ಅವಳು ಎರಡೂ ಕೈಯಿಂದ ಬಾಗಿಲು ಗುದ್ದಿದಳು.

ಮರದ ಆ ಮಗ್ಗುಲಲ್ಲಿ ತಕ್ಕಡಿ ಇಟ್ಟುಕೊಂಡು ಸೌತೆಕಾಯಿ ಮಾರುತ್ತಿದ್ದ ಮಾಬೂಬೀ ಎದ್ದು ಬಂದಳು. "ಏನಾತು ತಂಗಿ?"

"ನಮ್ಮತ್ತೆ ಒಳಗದಾರೆ. ಪೂಜೆಗೆ ಕೂತಾರೆ. ಮಾತಾಡ್ತಿಲ್ಲ. ಏಸಿ ನಿಂತೈತೆ."

"ಈ ಬಿಸಿಲಾಗ? ಗಾಳಿ ಆಡಾಕೆ ಕಿಂಡಿ ಐತೇನು?"

"ಇಲ್ಲ," ಎನ್ನುವಾಗ ಆಶಾರಾಣಿಗೆ ಅಳು ಒತ್ತರಿಸಿತು. "ಒಂದೂ ಇಲ್ಲ."

ಮಾಬೂಬೀ ಹೋಗಿ ತಕ್ಕಡಿಯ ಕಬ್ಬಿಣದ ತೂಕದ ಬಟ್ಟು ತಂದು ಅವಳ ಕೈಗಿಟ್ಟಳು. "ಒಡಿ. ಗ್ಲಾಸ್ ಇನ್ನೊಂದು ಬರ್ತೈತಿ, ಜೀವ ಬರಲ್ಲ."

ಬಾಗಿಲ ಪಕ್ಕದ ಗಾಜು ಎರಡನೇ ಏಟಿಗೆ ಒಡೆಯಿತು. ಬೆಳ್ಳಿ ಹಾಳೆ ಹರಿದದ್ದೇ ಒಳಗಿನ ಬಿಸಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ರಾಚಿತು. ವಿಭೂತಿ, ಬಾಡಿದ ಹೂವಿನ ವಾಸನೆ. ಅವಳು ಕೈ ತೂರಿಸಿ ಚಿಲಕ ತೆಗೆದಳು. ಮೊಣಕೈ ಕೊಯ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ಸರ್ವಮಂಗಳಮ್ಮ ಮಂಚದ ಕಾಲಿಗೆ ಒರಗಿ ಕೂತಿದ್ದರು. ಕಣ್ಣು ಅರೆ ತೆರೆದಿತ್ತು, ತುಟಿ ಒಡೆದಿತ್ತು. ಉಸಿರು ಚಿಕ್ಕದಾಗಿ, ಬೇಗ ಬೇಗ ಬರುತ್ತಿತ್ತು. ಎಡಗೈ ಮಾತ್ರ ಎದೆಯ ಮುಂದೆ ಚಾಚಿಯೇ ಇತ್ತು. ಅಂಗೈಯಲ್ಲಿ ಕಪ್ಪು ಲಿಂಗ, ಒಂದು ಬಿಲ್ವಪತ್ರೆ. ಲಿಂಗ ಕೈಯಲ್ಲಿರುವಾಗ ನಡುವೆ ಏಳಬಾರದೆಂದು ಕೂತವರಿಗೆ ಆಮೇಲೆ ಏಳುವ ಶಕ್ತಿಯೇ ಉಳಿದಿರಲಿಲ್ಲ. ಆ ಕೈ ನಡುಗುತ್ತಾ ನಡುಗುತ್ತಾ ವಾಲುತ್ತಿತ್ತು.

ಆಶಾರಾಣಿ ಕೈ ಮುಂದೆ ಚಾಚಿದಳು. ತಟ್ಟನೆ ಹಿಂದಕ್ಕೆಳೆದುಕೊಂಡಳು. ಬಿಲ್ವಪತ್ರೆ ಜಾರಿ ಮಡಿಲಿಗೆ ಬಿತ್ತು. ಇನ್ನು ಯೋಚಿಸಲು ಹೊತ್ತಿರಲಿಲ್ಲ. ಮಂಡಿಯೂರಿ, ತನ್ನ ಅಂಗೈಯನ್ನು ಅತ್ತೆಯ ಅಂಗೈ ಕೆಳಗೆ ಕೊಟ್ಟು ಹಿಡಿದಳು.

ಮಾಬೂಬೀ ಮೆಟ್ಟಿಲು ಹತ್ತಲಿಲ್ಲ. ಒಲೆಯ ಹತ್ತಿರದ ನೀರಿನ ಕೊಡ ತಂದು ಅಲ್ಲಿಂದಲೇ ಮುಂದೆ ತಳ್ಳಿದಳು. ಆಶಾರಾಣಿ ಇನ್ನೊಂದು ಕೈಯಿಂದ ಚೊಂಬು ಚೊಂಬು ನೀರು ಅತ್ತೆಯ ತಲೆಗೆ, ಕತ್ತಿಗೆ ಸುರಿದಳು. ಹಣೆಯ ವಿಭೂತಿ ಕರಗಿ ಕೆನ್ನೆಗಿಳಿಯಿತು. ಮಂಚದ ಪಕ್ಕದ ಪೆಟ್ಟಿಗೆಯಲ್ಲಿ ಏಸಿಯ ಸ್ವಿಚ್ಚು ತಾನಾಗಿ ಆಫ್ ಆಗಿ ಕೆಳಗೆ ಬಿದ್ದಿದ್ದು ಅವಳಿಗೆ ಈಗ ಕಂಡಿತು. ಸರ್ವಮಂಗಳಮ್ಮ ಗುಟುಕು ನೀರು ನುಂಗಿದರು, ಕೆಮ್ಮಿದರು, ಕಣ್ಣು ಬಿಟ್ಟರು. ತಮ್ಮ ಅಂಗೈ ನೋಡಿದರು. ಅದರ ಕೆಳಗಿನ ಕೈಯನ್ನೂ ನೋಡಿದರು. ಆ ಕೈ ಮೇಲೆ ಮೊಣಕೈಯಿಂದ ಇಳಿದ ರಕ್ತವಿತ್ತು.

ಹೊರಗೆ ಆಟೊ ನಿಂತ ಸದ್ದು. "ಗ್ಲಾಸ್ ಯಾರು ಒಡೆದ್ರು?" ಎಂದುಕೊಂಡು ಬಂದ ಮಹಾಂತೇಶ ಒಳಗೆ ನೋಡಿ ಕೈಲಿದ್ದ ವಾಷರಿನ ಪೊಟ್ಟಣ ಬೀಳಿಸಿದ. "ಅವ್ವಾ!"

ಓಡಿ ಬಂದು ಪಕ್ಕದಲ್ಲಿ ಕೂತ. ಹೆಂಡತಿಯ ಕೈ ಎಲ್ಲಿದೆ ಎಂದು ಕಂಡದ್ದೇ ಗಾಬರಿಯಲ್ಲಿ ಹೇಳಿದ, "ಆಶಾ, ನೀನು ಬಿಡು, ನೀನು ಬಿಡು. ನಾ ಹಿಡ್ಕೊಂತೀನಿ."

ಆಶಾರಾಣಿ ಮೆಲ್ಲಗೆ ಅಂಗೈ ಸರಿಸಹೋದಳು.

"ಬಿಡಬ್ಯಾಡ," ಎಂದರು ಸರ್ವಮಂಗಳಮ್ಮ. ಲಿಂಗ ಇನ್ನೂ ಕೈಯಲ್ಲೇ ಇತ್ತು. ಒಣಗಿದ ಗಂಟಲನ್ನು ಇನ್ನೊಮ್ಮೆ ಸರಿಮಾಡಿಕೊಂಡು ಮಗನಿಗೆ ಹೇಳಿದರು, "ನೀ ಹೋಗಿ ಆಟೊ ನಿಲ್ಸು. ಈಕಿ ಕೈಗೆ ಏನರ ಕಟ್ಟಿಸ್ಬೇಕು."

ಅವನು ಇಳಿದು ಓಡಿದ. ಅತ್ತೆಯ ತಲೆಯಿಂದ ಹರಿದ ನೀರು ಮಂಚದ ಕೆಳಗೆ ದಾರಿ ಹುಡುಕಿಕೊಂಡು, ನೆಲದ ತೂತಿನಿಂದ ಗಾಡಿಯ ಅಡಿಗೆ ತೊಟ್ಟಿಕ್ಕತೊಡಗಿತು. ಹೊಳೆಯ ಕಡೆಯಿಂದ ವಾಪಸು ಬಂದ ನಾಯಿ ಒದ್ದೆ ಮಣ್ಣನ್ನು ಮೂಸಿ ನೋಡಿ, ಒಂದು ಸುತ್ತು ತಿರುಗಿ, ಅಲ್ಲೇ ಮಲಗಿತು.