ಮಕ್ಕಳ ಜಾಗದಲ್ಲಿ

ವೆಂಡೆಲ್ ಕ್ರಾಟ್ಸ್ ಮೇಜು ಕುರ್ಚಿ ಒಂದಾಗಿ ಬೆಸೆದುಕೊಂಡಿದ್ದ ಮಗನ ಆಸನದೊಳಗೆ ತಮ್ಮ ಭಾರಿ ಮೈಯನ್ನು ತುರುಕಿ ಕುಳಿತು, ಫೋನನ್ನು ಹಲಗೆಯ ಮೇಲೆ ಅಂಗಾತ ಇಟ್ಟರು. ಅದರ ಮೇಲೆ ಧ್ವನಿಮುದ್ರಣದ ಕೆಂಪು ಚುಕ್ಕೆಯೊಂದು ಮಿನುಗುತ್ತಿತ್ತು. ಶಿಕ್ಷಕಿ ಲಿನೆಟ್ ಹ್ಯಾಗನ್ ಅದನ್ನು ಕಂಡಳು.

ವರ್ಷಾರಂಭದ ಒಂದು ಸಂಜೆ ಹೆತ್ತವರು ಶಾಲೆಗೆ ಬಂದು, ತಮ್ಮ ಮಕ್ಕಳ ವೇಳಾಪಟ್ಟಿಯನ್ನೇ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವುದು ಬ್ರಾಂಟ್‌ಫೆರಿಯ ಪ್ರೌಢಶಾಲೆಯ ವಾಡಿಕೆ. ಒಂದೊಂದು ಪಾಠಕ್ಕೂ ಹತ್ತೇ ನಿಮಿಷ. ಗಂಟೆ ಹೊಡೆಯಿತೆಂದರೆ ಮುಂದಿನ ಕೋಣೆ. ಮಗುವಿನ ಹೆಸರಿರುವ ಜಾಗದಲ್ಲಿಯೇ ಹೆತ್ತವರು ಕೂರಬೇಕು. ಈ ಕಟ್ಟಳೆಯ ನೆನಪೇ ಲಿನೆಟ್‌ಳಿಗೆ ಆಗಿರಲಿಲ್ಲ. ಹನ್ನೊಂದನೆಯ ತರಗತಿಯ ಅಮೆರಿಕದ ಇತಿಹಾಸಕ್ಕೆ ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸುವಾಗ, ಯಾರು ಯಾರೊಡನೆ ಚೆನ್ನಾಗಿ ವಾದ ಮಾಡುತ್ತಾರೆಂಬುದನ್ನಷ್ಟೇ ಅವಳು ನೋಡಿದ್ದಳು. ಅದರ ಫಲವಾಗಿ, ಶಾಲಾ ಮಂಡಳಿಯ ಸದಸ್ಯರಾದ ಕ್ರಾಟ್ಸ್ ಅವರ ಮಗ್ಗುಲಲ್ಲಿ ಈಗ ಔಷಧದಂಗಡಿಯ ಒಡೆಸ್ಸಾ ಪ್ರೂಯಿಟ್ ಕುಳಿತಿದ್ದರು.

ಊರಂಚಿನ ಕಬ್ಬಿಣದ ಸೇತುವೆಯಲ್ಲಿ, ಯಾರ ಅಜ್ಜನ ಕಾಲದಲ್ಲೋ, ಊರ ಬಿಳಿಯರ ಗುಂಪೊಂದು ಕರಿಯ ಬಡಗಿಯೊಬ್ಬನನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕಿತ್ತು. ಆ ಬಡಗಿ ಒಡೆಸ್ಸಾ ಅವರ ಮನೆತನದವನು. ಪ್ರತಿ ಅಕ್ಟೋಬರಿನಲ್ಲಿ ಲಿನೆಟ್ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ನಡೆದುದನ್ನು ಹೇಳಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸುತ್ತಿದ್ದಳು. ಆದರೆ ಹೋದ ವಸಂತದಲ್ಲಿ, ಎದುರು ಕೋಣೆಯ ಸ್ಟೋವಾಲ್ ಮಾಸ್ತರರ ಇಂಥದೇ ಪಾಠದ ಅರ್ಧ ವಾಕ್ಯವನ್ನು ಯಾರೋ ಧ್ವನಿಮುದ್ರಿಸಿ ಮಂಡಳಿಗೆ ಕೇಳಿಸಿದ್ದರು. ಬೇಸಿಗೆ ರಜೆಗೆ ಮೊದಲೇ ಮಾಸ್ತರರು ಕೆಲಸ ಕಳೆದುಕೊಂಡು, ಗೋಡೆಯ ನಕಾಶೆಗಳನ್ನು ಸುರುಳಿ ಸುತ್ತಿಕೊಂಡು ಹೊರಟುಹೋದರು. ಆ ಗೋಡೆಯ ಮೇಲೆ ಈಗ ಮೊಳೆಗಳಷ್ಟೇ ಉಳಿದಿದ್ದವು. ತೆರೆದ ಬಾಗಿಲಿನಿಂದ ಅವು ಲಿನೆಟ್‌ಳಿಗೆ ಕಾಣುತ್ತಿದ್ದವು.

ಆದ್ದರಿಂದ ಅವಳು ಒಂದು ಉಪಾಯ ಹೂಡಿದ್ದಳು. ಅಂಕ, ಮನೆಗೆಲಸ, ಗೈರುಹಾಜರಿ, ಇಷ್ಟನ್ನೇ ಎಳೆದೆಳೆದು ಹೇಳಿದರೆ ಹತ್ತು ನಿಮಿಷ ಕಳೆದುಹೋಗುತ್ತದೆ. ಉಳಿದುದನ್ನು ಗಂಟೆ ನೋಡಿಕೊಳ್ಳುತ್ತದೆ. ಸೇತುವೆಯ ಹೆಸರೆತ್ತುವುದು ಬೇಡ. ಈ ವರ್ಷ ಹೋಗದೆಯೂ ಇರಬಹುದು.

ಮಾತು ಆರಂಭವಾಗುವ ಮುನ್ನ ಒಡೆಸ್ಸಾ ಪಕ್ಕಕ್ಕೆ ವಾಲಿದರು. "ಏನ್ರೀ ಕ್ರಾಟ್ಸ್, ಬಿಪಿ ಮಾತ್ರೆ ತಗೋತಿದೀರಾ ಹೇಗೆ?"

"ತಗೋತಿದೀನಿ ಕಣಮ್ಮ. ನಿನ್ನ ಕಣ್ಣು ತಪ್ಪಿಸಿ ಎಲ್ಲಿಗೆ ಹೋಗ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕ್ರಾಟ್ಸ್ ನಗಲಿಲ್ಲ. ಅವರ ದೃಷ್ಟಿ ಲಿನೆಟ್‌ಳ ಮೇಲೆಯೇ ಇತ್ತು.

ತಡವಾಗಿ ಒಪ್ಪಿಸಿದ ಪ್ರಬಂಧಕ್ಕೆ ಎಷ್ಟು ಅಂಕ ಕಳೆಯಲಾಗುವುದೆಂಬುದನ್ನು ಅವಳು ಎರಡು ಸಲ ವಿವರಿಸಿದಳು. ಗಡಿಯಾರದ ಮುಳ್ಳು ಇನ್ನೇನು ಹತ್ತನೆಯ ನಿಮಿಷವನ್ನು ಮುಟ್ಟಬೇಕು, ಅಷ್ಟರಲ್ಲಿ ಒಡೆಸ್ಸಾ ಮಕ್ಕಳಂತೆ ಕೈಯೆತ್ತಿದರು.

"ಟೀಚರ್, ಈ ವರ್ಷಾನೂ ಸೇತುವೆ ಹತ್ರ ಕರ್ಕೊಂಡು ಹೋಗ್ತೀರಲ್ವಾ? ನಮ್ಮ ಹುಡುಗಿ ಜೂನಿ ನಡೆಯೋಕೆ ಅಂತ ಆಗ್ಲೇ ಬೂಟು ತೆಗೆದಿಟ್ಟಿದಾಳೆ."

ಇನ್ನೂ ತೀರ್ಮಾನವಾಗಿಲ್ಲವೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಗೆಯ ತುದಿಗೇ ಬಂದಿತ್ತು. ಲಿನೆಟ್ ಕೆಂಪು ಚುಕ್ಕೆಯನ್ನು ನೋಡಿದಳು. ಬಾಗಿಲಾಚೆಯ ಮೊಳೆಗಳನ್ನು ನೋಡಿದಳು. ಒಡೆಸ್ಸಾ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಹೋಗ್ತೀವಿ," ಎಂದಳು. "ಅಲ್ಲಿ ಏನಾಯ್ತು ಅಂತ ಹೇಳ್ತೀನಿ. ಮಾಡಿದೋರು ಹೊರಗಿನೋರಲ್ಲ, ಈ ಊರಿನೋರೇ ಅಂತಾನೂ ಹೇಳ್ತೀನಿ."

ಆಮೇಲೆ ಗಂಟೆ ಹೊಡೆಯಿತು.

ಎಲ್ಲರೂ ಎದ್ದು ಹೊರಟರು. ಕ್ರಾಟ್ಸ್ ಮಾತ್ರ ಏಳಲಿಲ್ಲ. ಏಳಲಾರದೆ ಕುಳಿತಿದ್ದಾರೆಂಬುದು ಲಿನೆಟ್‌ಳಿಗೆ ತಡವಾಗಿ ತಿಳಿಯಿತು. ಹೊಟ್ಟೆ ಹಲಗೆಯಡಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಒಂದು ಕಡೆ, ಒಡೆಸ್ಸಾ ಇನ್ನೊಂದು ಕಡೆ ಆಸನವನ್ನು ಒತ್ತಿ ಹಿಡಿದರು.

"ಉಸಿರು ಬಿಟ್ಟು ಪಕ್ಕಕ್ಕೆ ಜರುಗಿ. ಸಿಹಿ ಕಮ್ಮಿ ಮಾಡಿ ಅಂದಾಗ ಕೇಳಿದ್ರೆ ತಾನೆ!" ಎಂದರು ಒಡೆಸ್ಸಾ.

"ಮೆತ್ತಗೆ ಮಾತಾಡಮ್ಮ, ಮಾನ ಹೋಗುತ್ತೆ."

ಕೊನೆಗೂ ಅವರು ಬಿಡಿಸಿಕೊಂಡು ನಿಂತರು. ಒಡೆಸ್ಸಾ ಗಣಿತದ ಕೋಣೆಯತ್ತ ಧಾವಿಸಿದರು. ಕ್ರಾಟ್ಸ್ ಫೋನನ್ನು ಕೈಗೆತ್ತಿಕೊಂಡವರು ಅದನ್ನು ನೋಡದೆ, ಕಿಟಕಿಯಾಚೆಗೆ ನೋಡುತ್ತ ಹೇಳಿದರು:

"ಆ ಸೇತುವೆ ಮೇಲೆ ಗಾಳ ಹಾಕೋಕೆ ನಮ್ಮಪ್ಪ ಬಿಡ್ತಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಹೊಡೆಯೋಕೆ ಬೆಲ್ಟ್ ಬಿಚ್ಚೋರು."

ಆಮೇಲೆ ಅವರು ಲಿನೆಟ್‌ಳತ್ತ ತಿರುಗಿದರು.

"ಹೋಗೋದು ಯಾವ ದಿನ?"

ಅಕ್ಟೋಬರಿನ ಎರಡನೆಯ ಶುಕ್ರವಾರವೆಂದು ಅವಳು ಹೇಳಿದಳು.

"ದೊಡ್ಡೋರೂ ಬರಬಹುದಾ?"

"ಬರಬಹುದು."

ಕೇಳುವುದಕ್ಕೆ ಬರುವರೋ, ಕೇಳಿದುದನ್ನು ಮಂಡಳಿಗೆ ಒಯ್ಯುವುದಕ್ಕೆ ಬರುವರೋ, ಆ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಅವರು ತಲೆಯಾಡಿಸಿ, ಫೋನನ್ನು ಅಂಗಿಯ ಜೇಬಿಗಿಳಿಸಿ ಹೊರಟರು.

ಮುಂದಿನ ತಂಡದ ಹೆತ್ತವರು ಒಳಬಂದು, ಬಗ್ಗಿ ಬಗ್ಗಿ ತಮ್ಮ ಮಕ್ಕಳ ಹೆಸರುಗಳನ್ನು ಹುಡುಕತೊಡಗಿದರು. ಬಾಗಿಲಾಚೆ, ಜನರ ನಡುವೆ, ಕ್ರಾಟ್ಸ್ ಅವರು ಹಾದಿ ಬಿಡಿಸಿಕೊಳ್ಳುತ್ತ ಒಮ್ಮೆ ಇತ್ತ ತಿರುಗಿದರು. ಜೇಬಿನ ತೆಳುವಾದ ಬಿಳಿಯ ಬಟ್ಟೆಯ ಹಿಂದೆ, ಎದೆಯ ಎಡಭಾಗದಲ್ಲಿ, ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು.