ನಿಮಿಷಕ್ಕೆ ಮೂವತ್ತೈದು ಸುತ್ತು

ನನ್ನ ಕೈಯಲ್ಲಿ ರಿಪೇರಿಯಾದ ವಸ್ತು ಮತ್ತೆ ಕೆಟ್ಟು ನನ್ನ ಅಂಗಡಿಗೆ ಬಂದದ್ದಿಲ್ಲ. ಬ್ರಹ್ಮಾವರದಲ್ಲಿ ಯಾರನ್ನು ಬೇಕಾದರೂ ಕೇಳಿ. ರೇಡಿಯೋ, ಟಿವಿ, ಮಿಕ್ಸಿ, ಏನೇ ಇರಲಿ, ರಾಜೀವ ಮುಟ್ಟಿದ ಅಂದರೆ ಮುಗಿಯಿತು. ಈ ಜಂಭ ನನಗಿದೆ, ಇಲ್ಲ ಅನ್ನುವುದಿಲ್ಲ. ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೇ ಇದನ್ನು ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ತ್ರಾಸಿಯಲ್ಲಿ ಭೋಜಣ್ಣನ ಹೋಟೆಲಿನ ಶಟರ್ ಅರ್ಧ ಇಳಿಯುತ್ತದೆ. ಭೋಜಣ್ಣ ಅಂದರೆ ಭೋಜರಾಜ ಶೆಟ್ಟರು, ಎಪ್ಪತ್ತು ದಾಟಿದವರು. ಮುಂಬಯಿಯಲ್ಲಿ ಸೋದರಮಾವನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದರು. ಪಕ್ಕದ ದೊಡ್ಡ ಹೋಟೆಲಿನಲ್ಲಿ ಸಂಜೆಯಾದರೆ ಜಾಝ್ ಬ್ಯಾಂಡು. ಅಡುಗೆಮನೆ ಕಿಟಕಿಯಲ್ಲಿ ನಿಂತು ಕೇಳಿ ಕೇಳಿ ಇವರಿಗೆ ಹುಚ್ಚು ಹಿಡಿಯಿತು. ಉಳಿದವರು ಮುಂಬಯಿಯಿಂದ ಚಿನ್ನ ತಂದರೆ ಇವರು ಒಂದು ರೆಕಾರ್ಡ್ ಪ್ಲೇಯರನ್ನೂ ನಲವತ್ತು ಹಳೆ ರೆಕಾರ್ಡುಗಳನ್ನೂ ತಂದರು. ಹೆಂಡತಿ ಸರಸಕ್ಕ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ.

ಹೋಟೆಲಿನ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ ನಾವು ನಾಲ್ಕು ಜನ ಕೂರುತ್ತೇವೆ. ಭೋಜಣ್ಣ, ನಾನು, ಹಟ್ಟಿಯಂಗಡಿಯ ನಿವೃತ್ತ ಟೀಚರ್ ಚಂದ್ರಮತಿ, ಮತ್ತೆ ನಾಲ್ಕು ತಿಂಗಳ ಹಿಂದೆ ಸೇರಿದ ಅನಿಷಾ. ಈ ಹುಡುಗಿ ಕುಂದಾಪುರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ, ಎಂಟು ವರ್ಷ ಸಂಗೀತ ಕಲಿತವಳು. ನಮ್ಮದು ಒಂದೇ ನಿಯಮ: ರೆಕಾರ್ಡು ತಿರುಗುವಾಗ ಬಾಯಿ ತೆರೆಯಬಾರದು, ನಿಂತ ಮೇಲೆ ಮುಚ್ಚಬಾರದು.

ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಬಗ್ಗುವುದಿಲ್ಲ. ಹಾಗಾಗಿ ಕವರಿನ ಚಿತ್ರ ನೋಡಿ ನಾವೇ ಹೆಸರಿಟ್ಟಿದ್ದೇವೆ. ‘ಮೂರು ಕುರ್ಚಿ’ ಟೀಚರಿಗೆ ಪ್ರಾಣ, ಅದರಲ್ಲಿ ಪಿಯಾನೋದ್ದೇ ರಾಜ್ಯಭಾರ. ಭೋಜಣ್ಣನಿಗೆ ‘ಛತ್ರಿ’. ಛತ್ರಿ ಹಿಡಿದ ಹೆಂಗಸಿನ ಚಿತ್ರ, ಒಳಗೆಲ್ಲ ಸ್ಯಾಕ್ಸೋಫೋನು.

“ಅದೆಂತ ವಾದ್ಯ ಮಾರಾಯ್ರೆ, ಶೀತ ಆದ ಕೋಣ ಕೂಗ್ದಂಗೆ,” ಎಂದು ಟೀಚರ್ ಶುರು ಮಾಡುವರು.

“ನಿಮ್ಮ ಪಿಯಾನೋ ಎಂತ, ಪಾತ್ರೆ ತೊಳ್ದಂಗೆ!” ಎಂದು ಭೋಜಣ್ಣ.

ನಾನು ಚಂಡೆ ಕೇಳಿ ಬೆಳೆದವ, ನನಗೆ ಡ್ರಮ್ಮಿದ್ದರೆ ಸಾಕು. ಅನಿಷಾ ಎಲ್ಲರ ಮಾತಿಗೂ ನಕ್ಕು, ಫೋನಿನಲ್ಲಿ ಹೊಸ ಹೊಸ ಆಲ್ಬಮ್ ಹಾಕಿ, ಇದು ಕೇಳಿ ಅದು ಕೇಳಿ ಎಂದು ಪೀಡಿಸುವಳು. ಅವಳು ಬಂದ ಮೇಲೆ ಭೋಜಣ್ಣ ಹತ್ತು ವರ್ಷ ಸಣ್ಣವರಾಗಿದ್ದರು. ಭಾನುವಾರ ಅವಳಿಗೆಂದೇ ಎಣ್ಣೆಯಲ್ಲಿ ಬಿಸಿಬಿಸಿ ಗೋಳಿಬಜೆ ಬೇಯುತ್ತಿತ್ತು.

ಕಳೆದ ತಿಂಗಳ ಒಂದು ಭಾನುವಾರ ಅವಳು ಓಡಿ ಬಂದಳು. “ಭೋಜಣ್ಣ, ನಮ್ಮ ಛತ್ರಿ ಫೋನಲ್ಲಿ ಸಿಕ್ಕಿತ್! ಕವರ್ ಫೋಟೋ ಹಾಕಿ ಹುಡ್ಕ್ದೆ!”

ಸಣ್ಣ ಸ್ಪೀಕರಿನಲ್ಲಿ ಹಾಕಿದಳು. ಅದೇ ರಾಗ, ಅದೇ ಡ್ರಮ್ಮು. ಆದರೆ ಎಲ್ಲವೂ ತಗ್ಗು ಸ್ವರದಲ್ಲಿ, ಊಟ ಮುಗಿಸಿ ವೀಳ್ಯ ಜಗಿಯುತ್ತಾ ನುಡಿಸಿದ ಹಾಗೆ. ಭೋಜಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ಇದೆಂತ, ನಿದ್ದಿ ಬತ್ತ್,” ಎಂದೆ ನಾನು.

“ನಂಗೂ ಆಶ್ಚರ್ಯ ಆಯ್ತ್ ರಾಜೀವಣ್ಣ,” ಎಂದಳು ಅನಿಷಾ. “ನಮ್ಮ ರೆಕಾರ್ಡ್ ಇದ್ಕಿಂತ ಹಾರ್ಮೋನಿಯಂ ಲೆಕ್ಕದಲ್ಲಿ ಒಂದ್ ಮನೆ ಮೇಲೆ ಇತ್ತ್. ನಮ್ಮ ಮಷಿನ್ ಒಂಚೂರ್ ಬೇಗ ತಿರ್ಗತ್ತ್ ಅಂತ ಕಾಣತ್ತ್…”

ಭೋಜಣ್ಣ ಎದ್ದು ನಿಂತರು. “ಮಷಿನ್ ಸರಿ ಇತ್ತ್! ನಿನ್ನ ಫೋನ್ ಹುಟ್ಟಿ ನಾಲ್ಕ್ ದಿನ ಆಯ್ಲಿಲ್ಲೆ, ನಂಗೆ ಸಂಗೀತ ಕೇಂಬುಕೆ ಕಲ್ಸತ್ತಾ ಅದ್? ಇನ್ನೊಂದ್ ಸಲ ಇಲ್ಲಿ ಆ ಮಾತ್ ಎತ್ಬೇಡ!”

ಅವರ ಬಾಯಲ್ಲಿ ಅಷ್ಟು ದೊಡ್ಡ ಸ್ವರ ನಾನು ಕೇಳಿದ್ದೇ ಇಲ್ಲ. ಸುಮ್ಮನಿರಬೇಕಾದ ನಾನು ಉರಿಗೆ ತುಪ್ಪ ಸುರಿದೆ. “ಆ ಮಷಿನ್ ನಾನ್ ಕೈಯಾರೆ ರಿಪೇರಿ ಮಾಡಿದ್ದ್ ಹೆಣ್ಣೇ. ನೀನ್ ಆವಾಗ ಹುಟ್ಲೂ ಇಲ್ಲೆ.”

ಹುಡುಗಿಯ ಕಣ್ಣು ತುಂಬಿತು. ಸ್ಪೀಕರನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು. ಸಂಜೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮೆಸೇಜು: ‘ನಾನು ಇನ್ನು ಬರುವುದಿಲ್ಲ. ತಪ್ಪು ಮಾತಾಡಿದ್ದರೆ ಕ್ಷಮಿಸಿ.’

ಬ್ರಹ್ಮಾವರದ ಬಸ್ಸಿನಲ್ಲಿ ಕೂತಾಗಿನಿಂದ ನನಗೆ ಒಂದೇ ಚಿಂತೆ. ಇಪ್ಪತ್ತೈದು ವರ್ಷದ ಹಿಂದೆ ನಾನು ಅಂಗಡಿ ಇಟ್ಟ ಹೊಸತು. ಭೋಜಣ್ಣನ ಪ್ಲೇಯರಿನ ಪುಲ್ಲಿ ಒಡೆದಿತ್ತು. ಮೋಟಾರಿಗೆ ಸಿಕ್ಕಿಸಿ, ಬೆಲ್ಟ್ ಹಾಕಿ, ತಟ್ಟೆ ತಿರುಗಿಸುವ ಬೆರಳುದ್ದದ ಸಾಮಾನು ಅದು. ಎಲ್ಲಿಯೂ ಸಿಗಲಿಲ್ಲ. ಒಡೆದ ಚೂರುಗಳನ್ನು ಜೋಡಿಸಿ ಅಳತೆ ಹಿಡಿದು, ಕುಂದಾಪುರದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದು ಕಡೆಸಿದೆ. ಮೂರು ಸಲ ಹೋಗಿ ಬಂದು ಹನ್ನೊಂದು ದಿನ ಒದ್ದಾಡಿದ್ದೆ. ಚೂರು ಜೋಡಿಸಿ ಹಿಡಿದ ಅಳತೆ! ಕೂದಲೆಳೆಯಷ್ಟು ದಪ್ಪವಾಗಿದ್ದರೆ? ಪುಲ್ಲಿ ದಪ್ಪವಾದಷ್ಟೂ ತಟ್ಟೆ ಬೇಗ, ಸ್ವರ ಮೇಲೆ. ನಾನು ಜಾಝ್ ಕೇಳಿದ್ದೆಲ್ಲ ಆ ಒಂದು ಮಷಿನಿನಲ್ಲಿ. ಸರಿ ಯಾವುದು ಎಂದು ನನಗೆ ಗೊತ್ತಾಗುವುದಾದರೂ ಹೇಗೆ? ಅವಳು ಹೇಳಿದ್ದು ನಿಜವಾದರೆ ನನ್ನ ತಪ್ಪಿಗೆ ಆ ಹುಡುಗಿ ಬೈಸಿಕೊಂಡು ಹೋದಂತಾಯಿತು. ಅದನ್ನು ಬಾಯಿಬಿಟ್ಟರೆ ರಾಜೀವನ ಕೈಗೆ ಇನ್ನೇನು ಬೆಲೆ?

ಎರಡು ದಿನ ಅನ್ನ ಸೇರಲಿಲ್ಲ. ಮಂಗಳವಾರ ಅಂಗಡಿಗೆ ಬೀಗ ಹಾಕಿ ತ್ರಾಸಿಗೆ ಹೋದೆ. ಪ್ಲೇಯರಿನ ತಟ್ಟೆಗೆ ಒಂದು ಚೂರು ಕಾಗದ ಅಂಟಿಸಿ, ವಾಚು ಹಿಡಿದು ಸುತ್ತು ಎಣಿಸಿದೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಬರಬೇಕು. ಮೂವತ್ತೈದು ಬಂತು. ಮತ್ತೆ ಎಣಿಸಿದೆ. ಮೂವತ್ತೈದೇ.

ಭೋಜಣ್ಣ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಭೋಜಣ್ಣ, ಅನಿಷಾ ಹೇಳದ್ದ್ ಸಮ. ಪುಲ್ಲಿ ದಪ್ಪ ಆಯಿತ್. ತಪ್ಪ್ ನಂದ್,” ಎಂದೆ.

“ಗೊತ್ತಿತ್ತ್,” ಎಂದರು.

“ಎಂತ ಗೊತ್ತಿತ್ತ್?”

“ಬೇಗ ತಿರ್ಗುದ್. ನೀನ್ ರಿಪೇರಿ ಮಾಡಿ ಹಾಕ್ದ ದಿನವೇ ಗೊತ್ತಾಯ್ತ್. ಮುಂಬೈಯಲ್ಲಿ ಆ ಛತ್ರಿ ಇನ್ನೂರ್ ಸಲ ಕೇಂಡವ ಮಾರಾಯ ನಾನ್.”

ನನಗೆ ಮೈಯೆಲ್ಲ ಉರಿಯಿತು. “ಇಪ್ಪತ್ತೈದ್ ವರ್ಷ ನನ್ನ ಮಂಗ ಮಾಡ್ದ್ರಿಯಾ? ಒಂದ್ ಮಾತ್ ಹೇಳುಕೆ ಎಂತ ಆಯಿತ್ ನಿಮ್ಗೆ?”

“ಹ್ವಾಯ್, ಬೊಬ್ಬೆ ಹೊಡಿಬೇಡ, ಕೂಕೊ.” ಲೋಟವನ್ನು ಅಕ್ಕಿ ಮೂಟೆಯ ಮೇಲಿಟ್ಟರು. “ಆವತ್ತ್ ತಟ್ಟೆ ತಿರ್ಗುಕೆ ಶುರು ಆದ್ ಕೂಡ್ಲೆ ನೀನ್ ಚಪ್ಪಾಳೆ ತಟ್ಟಿ ಕುಣ್ದೆ. ನಾಳೆ ಹೇಳ್ವ ಅಂದ್ಕಂಡೆ. ನಾಳೆ ನೀನ್ ಹೆಂಡ್ತಿನ ಕರ್ಕಂಡ್ ಬಂದೆ, ‘ಕಾಣ್, ನಾನ್ ಮಾಡಿದ್ದ್’ ಅಂತ. ಹೇಂಗೆ ಹೇಳುದ್? ಮತ್ತೆ ವಾರ ವಾರ ಬಂದೆ. ಊರಲ್ಲಿ ಈ ಹುಚ್ಚ್ ನಂಗೊಬ್ನಿಗೇ ಇದ್ದದ್ದ್. ಜೊತೆಗೆ ಒಬ್ಬ ಸಿಕ್ಕಿದ. ರೆಕಾರ್ಡ್ ಒಂಚೂರ್ ಓಡ್ರೆ ಓಡ್ಲಿ, ನೀನ್ ಓಡಿ ಹೋಪುದ್ ಬೇಡ ಅಂತ ಬಿಟ್ಟೆ.”

ನಾನು ತಟ್ಟೆಗೆ ಅಂಟಿಸಿದ್ದ ಕಾಗದ ಕಿತ್ತೆ.

“ಆ ಹೆಣ್ಣಿನ ಫೋನಲ್ಲಿ ಕೇಂಬತ್ತಿಗೆ ನಂಗೆ ಅಳು ಬಂದಿತ್ತ್ ರಾಜೀವ. ಹಾಂಗೆ ಕೇಳದೆ ಇಪ್ಪತ್ತೈದ್ ವರ್ಷ ಆಯ್ತಲೆ. ಅಷ್ಟೊತ್ತಿಗೆ ಅವ್ಳ್ ಮಷಿನ್ ಸುದ್ದಿ ಎತ್ತಿದ್ಲ್, ನೀನ್ ಎದ್ರಿಗೇ ಕೂಕಂಡಿದ್ದಿ. ಅವ್ಳ ಬಾಯಿ ಮುಚ್ಚುಕೆ ಬೈದೆ. ಪಾಪದ ಹೆಣ್ಣ್, ಎಂತ ತಪ್ಪ್ ಮಾಡಿತ್ತ್ ಅದ್?”

ಪುಲ್ಲಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಲೇತಿಗೆ ಹೋದೆ. ಈ ಸಲ ಸ್ವಲ್ಪ ಸ್ವಲ್ಪವೇ ತಿಕ್ಕಿಸಿದೆ. ಮೂವತ್ತಮೂರು ಬರಲು ಶನಿವಾರವಾಯಿತು.

ಭಾನುವಾರ ಚಂದ್ರಮತಿ ಟೀಚರ್ ಅನಿಷಾಳನ್ನು ಕೈಹಿಡಿದೇ ಎಳೆದು ತಂದರು. ಹುಡುಗಿ ಬಾಗಿಲ ಹತ್ತಿರವೇ ನಿಂತಳು, ಚಪ್ಪಲಿ ಬಿಡಲಿಲ್ಲ. ಭೋಜಣ್ಣ ಅವಳೆದುರು ಹೋಗಿ ನಿಂತರು.

“ಮಗಾ, ನೀನ್ ಹೇಳದ್ದ್ ಸರಿ. ನಾನ್ ಬೈದದ್ದ್ ತಪ್ಪ್. ಮಷಿನ್ ಬೇಗ ತಿರ್ಗುತ್ತಿತ್ತ್. ನಾನೇ ಹಿಂದೊಂದ್ ಸಲ ಎಂತದೋ ತಿರ್ಪ್ ತಿರ್ಗ್ಸಿ ಹಾಳ್ ಮಾಡಿ—”

ನೋಡಿ ಇವರನ್ನು! ಮತ್ತೆ ಸುಳ್ಳು, ಮತ್ತೆ ನನಗಾಗಿ. ಸುಮ್ಮನೆ ಕೂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕೂತಿರಲಾಗಲಿಲ್ಲ.

“ಅವ್ರ್ ಸುಳ್ಳ್ ಹೇಳ್ತಿದ್ರ್ ಅನಿಷಾ,” ಎಂದು ಎದ್ದೆ. “ಹಾಳ್ ಮಾಡಿದ್ದ್ ನಾನ್. ನನ್ನ ರಿಪೇರಿಯೇ ತಪ್ಪ್. ನಿನ್ನ ಕಿವಿ ಸರಿ ಇತ್ತ್, ನನ್ನ ಕೈ ಸರಿ ಇಲ್ದೆ ಇದ್ದದ್ದ್. ಅದ್ರ ಮೇಲೆ ನಿಂಗೆ ಜೋರೂ ಮಾಡ್ದೆ. ಮನಸ್ಸಿಗೆ ಹಚ್ಕಣ್ಬೇಡ ಮಗಾ.”

ಅನಿಷಾ ನನ್ನನ್ನು ನೋಡಿದಳು, ಭೋಜಣ್ಣನನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ತನ್ನ ಮೂಟೆಯ ಮೇಲೆ ಕೂತಳು. “ಛತ್ರಿ ಹಾಕಿ ರಾಜೀವಣ್ಣ,” ಎಂದಳು.

ಹಾಕಿದೆ. ಸ್ಯಾಕ್ಸೋಫೋನು ತಗ್ಗಿನಲ್ಲಿ, ಅವಸರವಿಲ್ಲದೆ ಎದ್ದು ಬಂತು. ನಿಜ ಹೇಳುತ್ತೇನೆ, ನನಗೆ ಅದು ಬೇರೆ ಯಾರದೋ ರೆಕಾರ್ಡು ಅನ್ನಿಸಿತು. ನಾನು ರೆಕಾರ್ಡು ಕೇಳಲಿಲ್ಲ, ಭೋಜಣ್ಣನ ಮುಖವನ್ನೇ ನೋಡುತ್ತಾ ಕೂತೆ. ಅವರು ಕಣ್ಣು ಮುಚ್ಚಿದ್ದರು, ತುಟಿ ನಗುತ್ತಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಜೀವಕ್ಕಿಂತ ಹೆಚ್ಚು ಇಷ್ಟದ ಈ ಸ್ವರವನ್ನು ಇಪ್ಪತ್ತೈದು ವರ್ಷ ಈ ಮನುಷ್ಯ ನನಗೋಸ್ಕರ ಬಿಟ್ಟುಕೊಟ್ಟು ಕೂತಿದ್ದರು, ಒಂದು ದಿನವೂ ಮುಖ ಸಿಂಡರಿಸದೆ.