ಟೇಪು ಮುಟ್ಟದ ದರ್ಜಿ

ತೀರಿಕೊಂಡ ಅಪ್ಪನ ಬಲಗೈಯನ್ನು ಕೋಟಿನ ತೋಳಿಗೆ ತೂರಿಸುತ್ತಿದ್ದ ಮಗಳ ಬೆರಳಿಗೆ ಒಳಗೇನೋ ತೊಡರಿತು. ಎಳೆದಳು. ಅಸ್ತರಿಗೆ ಹೊಲಿದಿದ್ದ ಗುಟ್ಟಿನ ಜೇಬಿನಿಂದ ಅಳತೆಯ ಟೇಪು ಸರಸರನೆ ಹೊರಬಂತು.

ಅಯ್ಯೋ ದೇವರೇ! ಐವತ್ತು ವರ್ಷ ದರ್ಜಿಯಾಗಿದ್ದವನು ಟೇಪು ಮುಟ್ಟಿದವನೇ ಅಲ್ಲ ಎಂದು ಊರೆಲ್ಲ ಕೊಂಡಾಡುತ್ತಿತ್ತು. ಬಂದ ಗಿರಾಕಿಯನ್ನು ಬಾಚಿ ತಬ್ಬಿಕೊಳ್ಳುತ್ತಿದ್ದ, ಹಿಂದೆ ಸರಿದು ಒಮ್ಮೆ ದಿಟ್ಟಿಸುತ್ತಿದ್ದ, ಅಳತೆ ಹೇಳಿಬಿಡುತ್ತಿದ್ದ. ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

"ಯಾರೋ ಗಿರಾಕಿ ಬಿಟ್ಟುಹೋಗಿರ್ಬೇಕು," ಎಂದ ಅಣ್ಣ.

"ತೋಳಿನೊಳಗಾ?"

"ಕಣ್ಣಿಗೆ ಪೊರೆ ಬಂದ್ಮೇಲೆ ಇಟ್ಕೊಂಡಿರ್ತಾನೆ ಕಣೆ, ಪಾಪ," ಎಂದಳು ಸೋದರತ್ತೆ.

ಪೊರೆ ಬಂದದ್ದು ಹೋದ ವರ್ಷ. ಟೇಪಿನ ಅಂಕಿಗಳೋ, ಬೆರಳಾಡಿ ಆಡಿ ಅರ್ಧಕ್ಕರ್ಧ ಅಳಿಸಿಹೋಗಿದ್ದವು.

"ನೋಡಣ್ಣ, ಎಷ್ಟು ಸವೆದಿದೆ!"

"ಸಾಕು ಸುಮ್ನಿರು. ಹೆಣದ ಮುಂದೆ ಪತ್ತೇದಾರಿಕೆ ಬೇಡ. ಬಿಸಾಕು ಅದನ್ನ."

*

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ತಾನೂ ಕತ್ತರಿ ಹಿಡಿಯುತ್ತೇನೆಂದು ಹಟ ಮಾಡಿದ್ದಳು. ಅಪ್ಪ ಒಬ್ಬ ಗಿರಾಕಿಯನ್ನು ಎದುರಿಗೆ ನಿಲ್ಲಿಸಿ, "ಎದೆ ಎಷ್ಟು, ಹೇಳು," ಎಂದಿದ್ದ. ಮೂವತ್ತೆಂಟು ಎಂದಳು. ನಲವತ್ತೊಂದಿತ್ತು.

"ನಿಂಗೆ ಕಣ್ಣಳತೆ ಇಲ್ಲ ಮಗಳೇ. ಅದು ಕಲಿಸಿದ್ರೆ ಬರೋದಲ್ಲ. ಗುಂಡಿ ಹೊಲಿ, ಹೋಗು."

ನಂಬಿದಳು. ಮೂವತ್ತು ವರ್ಷ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿದಳು.

*

ಈಗ ಅಳಬೇಕೋ, ಅವನನ್ನು ಹಿಡಿದು ಅಲ್ಲಾಡಿಸಿ ಕೇಳಬೇಕೋ ತಿಳಿಯಲಿಲ್ಲ. ಅತ್ತೆ ಹೇಳಿದ್ದೇ ನಿಜವಿರಬಹುದು... ಅಲ್ಲ, ಅಲ್ಲ. ಹಾಗಾದರೆ ಆ ಅಪ್ಪುಗೆಗಳು? ಪ್ರತಿ ಹೊಸ ಬಟ್ಟೆಗೆ ಮುಂಚೆ ತನ್ನನ್ನೂ ಅಪ್ಪಿಕೊಳ್ಳುತ್ತಿದ್ದನಲ್ಲ!

ಅಷ್ಟರಲ್ಲಿ ಶವಪೆಟ್ಟಿಗೆ ಮಾಡುವ ಬಡಗಿ ಬಂದ. "ಪೆಟ್ಟಿಗೆ ಎರಡು ಸೈಜಲ್ಲಿದೆ. ಭುಜದ ಅಗಲ ನೋಡ್ಬಿಡ್ತೀನಿ," ಎಂದು ಟೇಪು ತೆಗೆದ.

ಅಣ್ಣ ಅಡ್ಡ ನಿಂತ. "ಇವರ ಮೈಗೆ ಟೇಪು ತಾಗಿಸ್ಬೇಡಿ. ಅವಮಾನ."

"ಮತ್ತೆ ಯಾವ ಸೈಜು ಅಂತ ಹೇಗೆ ಹೇಳ್ಲಿ ಯಜಮಾನ್ರೇ?"

ಮಗಳು ಸವೆದ ಟೇಪನ್ನು ತನ್ನ ತೋಳಿನೊಳಗೆ ಸೇರಿಸಿ, ಬಾಗಿ, ಅಪ್ಪನನ್ನು ಎತ್ತಿ ತಬ್ಬಿಕೊಂಡಳು. ಸುತ್ತ ನಿಂತವರೆಲ್ಲ ಬಿಕ್ಕಿದರು. ಅಪ್ಪನ ಬೆನ್ನ ಹಿಂದೆ ಟೇಪು ಒಂದು ಭುಜದಿಂದ ಇನ್ನೊಂದಕ್ಕೆ ಜಾರಿತು. ಅವನ ಹೆಗಲ ಮೇಲಿಂದ ಇಣುಕಿ ಅಂಕಿ ನೋಡಿದಳು. ನೋಡಿ ಆದ ಮೇಲೂ ಬಿಡಲಿಲ್ಲ.

"ಹದಿನೇಳೂವರೆ," ಎಂದಳು ಕೊನೆಗೆ.

"ನೋಡಿದ್ರಾ!" ಅಣ್ಣ ಬಡಗಿಯತ್ತ ತಿರುಗಿದ. "ಥೇಟ್ ಅಪ್ಪಂದೇ ಕಣ್ಣು."

ಸೋದರತ್ತೆ ಹತ್ತಿರ ಬಂದು ಅವಳ ಕೈ ಸವರಿದಳು. ಸವರುತ್ತಲೇ, ತೋಳಿನಿಂದ ಇಣುಕಿದ್ದ ಟೇಪಿನ ತುದಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು.